ಮೂರರಿಂದ ಮೂರೂವರೆ

ಆಸ್ಪತ್ರೆಯ ಒಗೆತದ ಕೋಣೆಯಲ್ಲಿ ಇಪ್ಪತ್ತಾರು ವರ್ಷ ನಿಂತವಳಿಗೆ ಬೆಡ್‌ಶೀಟುಗಳು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ಯಾರು ರಾತ್ರಿಯಿಡೀ ಹೊರಳಾಡಿದ್ದಾರೆ, ಯಾರಿಗೆ ಊಟ ಸೇರುತ್ತಿಲ್ಲ, ಯಾರಿಗೆ ಜ್ವರ ಬಿಟ್ಟಿದೆ ಎಂಬುದನ್ನೆಲ್ಲ ಇಸ್ತ್ರಿಯಕ್ಕ ಬಟ್ಟೆ ಕೊಡವುತ್ತಲೇ ಹೇಳಿಬಿಡುತ್ತಿದ್ದಳು. "ಡಾಕ್ಟ್ರುಗಳು ನನ್ನ ಒಂದ್ಮಾತು ಕೇಳಿದ್ರೆ ಅವ್ರ ಅರ್ಧ ಕೆಲ್ಸ ಮುಗೀತಿತ್ತು" ಅನ್ನುವಳು. ಜೊತೆಯವರು ನಗುವರು. ಅವಳಿಗೆ ದೀಕ್ಷಾಸ್ನಾನದಲ್ಲಿಟ್ಟ ಚಂದದ ಹೆಸರೊಂದಿತ್ತು. ಆದರೆ ದೊಡ್ಡ ಇಸ್ತ್ರಿ ಯಂತ್ರದ ಮುಂದೆ ನಿಂತ ಮೊದಲ ವರ್ಷವೇ ಅದು ಆವಿಯಾಗಿ ಹೋಯಿತು. ಚರ್ಚಿನಲ್ಲೂ ಅವಳು ಇಸ್ತ್ರಿಯಕ್ಕನೇ.

ಆ ಕಾಯಿಲೆ ಊರಿಗೆ ಕಾಲಿಟ್ಟ ಮೇಲೆ ನಗು ನಿಂತಿತು. ಮುನ್ನೂರು ಬೆಡ್‌ಶೀಟು ಬರುತ್ತಿದ್ದ ಕಡೆ ಒಂಬೈನೂರು ಬರತೊಡಗಿದವು. ಬೆಳಗ್ಗೆ ಆರಕ್ಕೆ ನಿಂತರೆ ಮಧ್ಯಾಹ್ನ ಎರಡರವರೆಗೆ ಕೂರುವ ಮಾತಿಲ್ಲ. ಮೂಗುಬಾಯಿಗೆ ಎರಡು ಪದರ ಬಟ್ಟೆ, ಕೈಗೆ ರಬ್ಬರು, ಮೈಗೆ ಪ್ಲಾಸ್ಟಿಕ್ಕಿನ ಅಂಗಿ, ಮುಂದೆ ಕುದಿಯುವ ನೀರು. ಎರಡು ಗಂಟೆಗೆ ಅದನ್ನೆಲ್ಲ ಕಳಚಿದರೆ ಬೆರಳುಗಳು ನೀರಲ್ಲಿ ನೆನೆದ ಕಾಗದದ ಹಾಗಿರುತ್ತಿದ್ದವು. ಬಸ್ಸುಗಳು ನಿಂತಿದ್ದರಿಂದ ಮನೆಗೆ ನಡೆದೇ ಹೋಗಬೇಕು. ಅವಳ ಗಂಡ ಅದೇ ನಿಂತುಹೋದ ಬಸ್ಸುಗಳ ಕಂಡಕ್ಟರು. ಮನೆಯಲ್ಲಿ ಕೂತು ಕೂತು ಬೇಸತ್ತು, ಅಡುಗೆ ಕಲಿಯುತ್ತೇನೆಂದು ಹೊರಟು ಮೂರು ಪಾತ್ರೆಗಳ ತಳ ಸುಟ್ಟಿದ್ದ.

ಚರ್ಚಿಗೆ ಬೀಗ ಬಿದ್ದ ಎರಡನೇ ವಾರ ಪಾಸ್ಟರಿಗೆ ಒಂದು ಯೋಚನೆ ಬಂತು. ಪಾಸ್ಟರಿಗೆ ಯೋಚನೆ ಬಂತೆಂದರೆ ಸಭೆಗೆ ಕೆಲಸ ಬಂತೆಂದೇ ಅರ್ಥ. ಕಾಯಿಲೆ ಹೋಗುವವರೆಗೆ ಪ್ರಾರ್ಥನೆ ಒಂದು ಕ್ಷಣವೂ ನಿಲ್ಲಬಾರದು ಅಂದರು. ಇಡೀ ದಿನವನ್ನು ನಲವತ್ತೆಂಟು ಅರ್ಧಗಂಟೆಗಳಾಗಿ ಕತ್ತರಿಸಿ ನಲವತ್ತೆಂಟು ಜನಕ್ಕೆ ಹಂಚಿದರು. ಅವರವರ ಮನೆಯಲ್ಲೇ ಮಂಡಿಯೂರಿ, ಕಾಯಿಲೆಯವರ ಹೆಸರುಗಳನ್ನು ಒಂದೊಂದಾಗಿ ಓದಿ ಬೇಡಿಕೊಳ್ಳಬೇಕು. ಅರ್ಧಗಂಟೆ ಮುಗಿದ ಕೂಡಲೇ ಮುಂದಿನವರಿಗೆ ಫೋನು ಮಾಡಿ "ನಾನು ಏಳ್ತೀನಿ, ನೀವು ಕೂತ್ಕೊಳ್ಳಿ" ಅನ್ನಬೇಕು. ಅವರು "ಕೂತೆ" ಅನ್ನಬೇಕು. ಆ "ಕೂತೆ" ಕೇಳುವವರೆಗೆ ಏಳುವಂತಿಲ್ಲ. ಇದಕ್ಕೆ ಪ್ರಾರ್ಥನೆಯ ಸರಪಳಿ ಎಂದು ಹೆಸರು. ಕಾಗದದ ಮೇಲೆ ಎಷ್ಟು ಸಲೀಸು ನೋಡಿ!

ಇಸ್ತ್ರಿಯಕ್ಕನ ಪಾಲಿಗೆ ಬಂದದ್ದು ಮಧ್ಯಾಹ್ನ ಮೂರರಿಂದ ಮೂರೂವರೆ. ಅವಳ ಹಿಂದಿನ ಕೊಂಡಿ ಎಲೆಕ್ಟ್ರಿಷಿಯನ್ನನ ಹೆಂಡತಿ. ಮುಂದಿನ ಕೊಂಡಿ ಹೆಡ್ಮಾಸ್ಟರು. ಹೆಡ್ಮಾಸ್ಟರೆಂದರೆ ಕೆಲಸ ಬಿಟ್ಟು ಇಪ್ಪತ್ತು ವರ್ಷವಾದರೂ ಎದುರಿಗೆ ಸಿಕ್ಕವರ ಉಗುರು ನೋಡುವ ಮುದುಕರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಇಸ್ತ್ರಿಯಕ್ಕ ಐದನೇ ಕ್ಲಾಸಿನಲ್ಲಿದ್ದಾಗ, ಅಮ್ಮನ ಜೊತೆ ನಾಲ್ಕು ಮನೆಯ ಬಟ್ಟೆ ಒಗೆದು ಶಾಲೆಗೆ ಬಂದು ತೂಕಡಿಸಿದ್ದಕ್ಕೆ, ಇವರು ಒಂದು ಪೀರಿಯಡ್ಡು ಪೂರ್ತಿ ಬೆಂಚಿನ ಮೇಲೆ ನಿಲ್ಲಿಸಿದ್ದರು. ಮಕ್ಕಳೆಲ್ಲ ನಕ್ಕಿದ್ದರು. ನಲವತ್ತೆರಡು ವರ್ಷವಾದರೂ ಆ ಬೆಂಚು ಅವಳ ಕಾಲ ಕೆಳಗಿಂದ ಹೋಗಿರಲಿಲ್ಲ.

ಮೊದಲ ದಿನ ಅವಳು ಮುಖ ತೊಳೆದು, ತಲೆಗೆ ಸೆರಗು ಹೊದ್ದು, ಮಂಚದ ಪಕ್ಕ ಮಂಡಿಯೂರಿದಳು. ಹಾಸಿಗೆಯ ಅಂಚಿಗೆ ಹಣೆ ಹಚ್ಚಿ "ಕರ್ತನೇ" ಎಂದಳು. ಅವಳಿಗೆ ನೆನಪಿರುವುದು ಅಷ್ಟೇ. ಆಮೇಲೆ ಕೇಳಿಸಿದ್ದು ಫೋನು.

"ಯಾಕಮ್ಮಾ, ಟೈಮು ಮೂರೂ ಮೂವತ್ತೇಳು. ಫೋನು ಬರ್ಲಿಲ್ಲ?" ಹೆಡ್ಮಾಸ್ಟರ ಧ್ವನಿ.

"ಈಗ್ತಾನೆ ಆಮೆನ್ ಅಂದೆ ಮೇಷ್ಟ್ರೇ. ಹೆಸ್ರು ಜಾಸ್ತಿ ಇತ್ತು ನೋಡಿ."

"ಸರಿ. ನಾಳೆಯಿಂದ ನೀನು ಫೋನು ಮಾಡೋದು ಬೇಡ. ಮೂರೂವರೆಗೆ ನಾನೇ ಮಾಡ್ತೀನಿ."

ಮುದುಕರಿಗೆ ಹಾಜರಿ ತೆಗೆಯುವ ಚಾಳಿ ಬಿಟ್ಟಿಲ್ಲ ಎಂದು ಇಸ್ತ್ರಿಯಕ್ಕ ಗಂಡನ ಮುಂದೆ ಬಾಯಿಗೆ ಬಂದಂತೆ ಅಂದಳು. ಅಂದರೂ ಸಮಾಧಾನವಾಗಲಿಲ್ಲ. ದೇವರ ಮುಂದೆ ನಿದ್ದೆ ಮಾಡಿದ್ದಲ್ಲದೆ ದೇವರ ಹೆಸರಿನಲ್ಲೇ ಸುಳ್ಳು ಹೇಳಿದ್ದಳು. ಮರುದಿನವೂ ಅದೇ ಆಯಿತು. ಅದರ ಮರುದಿನವೂ. ಮೂರಕ್ಕೆ ಎಲೆಕ್ಟ್ರಿಷಿಯನ್ನನ ಹೆಂಡತಿಯ ಫೋನು, "ಕೂತೆ" ಅನ್ನುವುದು, ಹಣೆ ಹಾಸಿಗೆಗೆ ತಾಗಿಸುವುದು. ಮೂರೂವರೆಗೆ ಹೆಡ್ಮಾಸ್ಟರ ಫೋನು, ಬೆಚ್ಚಿ ಏಳುವುದು, "ಆಯ್ತು ಮೇಷ್ಟ್ರೇ, ಈಗ್ತಾನೆ" ಅನ್ನುವುದು. ನಡುವೆ ಏನೂ ಇಲ್ಲ.

ಹೀಗಿರುವಾಗ ಅವಳ ತಂಗಿಗೆ ಜ್ವರ ಬಂತು.

ತಂಗಿ ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಮ್ಮ ಹೋದ ಮೇಲೆ ಇಸ್ತ್ರಿಯಕ್ಕನೇ ಎತ್ತಿ ಆಡಿಸಿ, ಬೈದು, ಜಡೆ ಹಾಕಿ ಬೆಳೆಸಿದ ಕೂಸು. ಮದುವೆ ಒಲ್ಲೆನೆಂದು, ಎರಡು ಬೀದಿ ಆಚೆ ಒಂದು ಕೋಣೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿದುಕೊಂಡಿದ್ದಳು. ನಾಲಿಗೆ ಮಾತ್ರ ಅವಳ ಕತ್ತರಿಗಿಂತ ಹರಿತ. ನಾಲ್ಕನೇ ದಿನ ಉಸಿರು ಸಾಲದೆ ಆಂಬುಲೆನ್ಸಿಗೆ ಹತ್ತಿಸುವಾಗಲೂ ಅವಳು ಸುಮ್ಮನಿರಲಿಲ್ಲ.

"ಅಕ್ಕಾ, ನನ್ನ ಬೆಡ್‌ಶೀಟಿಗೆ ಗಂಜಿ ಹಾಕ್ಬೇಡ, ಚುಚ್ಚುತ್ತೆ." ಮೂರು ಸಲ ಉಸಿರೆಳೆದುಕೊಂಡು ಮತ್ತೆ ಅಂದಳು, "ಪ್ರಾರ್ಥನೆ ಮಾಡು. ನಿಜವಾಗ್ಲೂ ಮಾಡು. ಗೊರಕೆ ಹೊಡೀಬೇಡ."

ಆಂಬುಲೆನ್ಸಿನ ಬಾಗಿಲು ಮುಚ್ಚಿತು. ಇಸ್ತ್ರಿಯಕ್ಕ ರಸ್ತೆಯಲ್ಲೇ ನಿಂತು ಅತ್ತಳು.

ತಂಗಿಯನ್ನು ಎರಡನೇ ಮಹಡಿಯಲ್ಲಿ ಹದಿನಾಲ್ಕನೇ ಹಾಸಿಗೆಗೆ ಹಾಕಿದರು. ಅದೇ ಆಸ್ಪತ್ರೆ, ಅದೇ ಕಟ್ಟಡ. ಆದರೆ ಒಗೆತದವರು ಮೆಟ್ಟಿಲು ಹತ್ತುವಂತಿರಲಿಲ್ಲ. ಕೆಳಗಿನ ವಿಚಾರಣೆ ಫೋನಂತೂ ಯಾವಾಗ ಮಾಡಿದರೂ ಎಂಗೇಜು. ಉಳಿದ ದಾರಿ ಒಂದೇ. ಒಬ್ಬೊಬ್ಬ ರೋಗಿಯ ಬಟ್ಟೆಯನ್ನು ಬೇರೆ ಬೇರೆ ಚೀಲಕ್ಕೆ ತುಂಬಿ, ಹಾಸಿಗೆಯ ನಂಬರಿನ ಚೀಟಿ ಕಟ್ಟಿ, ಬೆಳಗ್ಗೆ ಲಿಫ್ಟಿನಲ್ಲಿ ಕೆಳಗೆ ಕಳಿಸುತ್ತಿದ್ದರು. ಬೆಡ್‌ಶೀಟು ದಿನವೂ ಬರುತ್ತದೆ. ಹಾಸಿಗೆಯ ದಪ್ಪ ಕವರು ಮಾತ್ರ ಹಾಸಿಗೆ ಖಾಲಿಯಾದ ದಿನ ಬರುತ್ತದೆ. ಮನೆಗೆ ಹೋದರೂ ಬರುತ್ತದೆ, ಮಣ್ಣಿಗೆ ಹೋದರೂ ಬರುತ್ತದೆ. ಆ ತಿಂಗಳು ಎರಡನೇ ಮಹಡಿಯಿಂದ ನೇರ ಮನೆಗೆ ಹೋದವರನ್ನು ಯಾರೂ ಕಂಡಿರಲಿಲ್ಲ.

ಇಸ್ತ್ರಿಯಕ್ಕ ಬೆಳಗ್ಗೆ ಬಂದವಳೇ ಹದಿನಾಲ್ಕರ ಚೀಲ ಹುಡುಕುತ್ತಿದ್ದಳು. ಒತ್ತಿ ನೋಡುತ್ತಿದ್ದಳು. ಮೆತ್ತಗಿದ್ದರೆ ಬೆಡ್‌ಶೀಟು ಮಾತ್ರ, ತಂಗಿ ಇದ್ದಾಳೆ. ಆಮೇಲೆ ಅವಳಿಗೆ ಉಳಿದ ಕೆಲಸ ಮಾಡಲು ಕೈ ಬರುತ್ತಿತ್ತು.

ಇನ್ನು ನಿದ್ದೆ ಮಾಡುವ ಹಾಗಿಲ್ಲ ಎಂದು ಹಟ ತೊಟ್ಟಳು. ಮಂಡಿಯೂರಿದರೆ ತಾನೇ ಹಾಸಿಗೆ ಸಿಗುವುದು ಎಂದು ಗೋಡೆಯ ಕಡೆ ಮುಖ ಮಾಡಿ ನಿಂತಳು. ನಿಂತಲ್ಲೇ ಕಣ್ಣು ಹತ್ತಿ ಗೋಡೆಗೆ ಹಣೆ ಬಡಿದುಕೊಂಡಳು. ಬಕೆಟ್ಟಿನ ತಣ್ಣೀರಲ್ಲಿ ಕಾಲಿಟ್ಟು ಕೂತಳು. ಕಾಲು ಮರಗಟ್ಟಿತೇ ಹೊರತು ಕಣ್ಣು ಬಿಡಲಿಲ್ಲ. ಕೊನೆಗೆ ಗಂಡನನ್ನು ಕಾವಲಿಗೆ ಕೂರಿಸಿದಳು.

"ನಂಗೆ ಪ್ರಾರ್ಥನೆಗೀರ್ಥನೆ ಬರಲ್ಲ ಕಣೇ" ಅಂದ ಅವನು. ಭಾನುವಾರ ಅವಳನ್ನು ಚರ್ಚಿನ ಬಾಗಿಲವರೆಗೆ ಬಿಟ್ಟು, ಹೊರಗೆ ಮರದಡಿ ಪೇಪರು ಓದುವವನು ಅವನು.

"ನೀವು ಪ್ರಾರ್ಥನೆ ಮಾಡ್ಬೇಡ್ರೀ. ನಾನು ತೂಕಡಿಸಿದ್ರೆ ಚಿವುಟಿ, ಸಾಕು."

ಮೂರೂ ಹತ್ತಕ್ಕೆ ಇಬ್ಬರೂ ಜೊತೆಯಾಗಿ ಗೊರಕೆ ಹೊಡೆಯುತ್ತಿದ್ದರು. ಮೂರೂವರೆಗೆ ಫೋನು ಬಂತು. "ಆಯ್ತು ಮೇಷ್ಟ್ರೇ, ಈಗ್ತಾನೆ."

ಅವನಿಂದ ಆದ ಉಪಕಾರ ಒಂದೇ. ಪಾಸ್ಟರು ದಿನವೂ ಫೋನಿನಲ್ಲಿ ಹೇಳುತ್ತಿದ್ದ ಕಾಯಿಲೆಯವರ ಪಟ್ಟಿಯನ್ನು ಅವನು ಬಸ್ಸಿನ ಹಳೆಯ ಟ್ರಿಪ್ ಶೀಟಿನ ಹಿಂದೆ ದೊಡ್ಡಕ್ಷರದಲ್ಲಿ ಬರೆದುಕೊಡುತ್ತಿದ್ದ. ಹೆಸರುಗಳು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹತ್ತಿ ಇಳಿಯುವವರನ್ನು ಅವನು ಗುರುತಿಸುತ್ತಿದ್ದ ಹಾಗೆಯೇ ಬರೆದಿದ್ದ: ಬೇಕರಿಯವರ ತಾಯಿ, ಗಡಿಯಾರ ರಿಪೇರಿಯವನು, ಮೂಲೆಮನೆಯ ಅವಳಿ ಮಕ್ಕಳು, ಕುಂಟು ಪೋಸ್ಟ್‌ಮ್ಯಾನು, ನಾದಿನಿ. ದೇವರಿಗೆ ಇಷ್ಟು ಗುರುತು ಸಾಲದೇ ಎಂದು ಅವನ ವಾದ.

ತಂಗಿ ಆಸ್ಪತ್ರೆ ಸೇರಿದ ಎಂಟನೇ ದಿನ ಇಸ್ತ್ರಿಯಕ್ಕನಿಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ಎದುರು ಗೋಡೆಗೆ ಹೋಗಿತ್ತು. ಗಡಿಯಾರ ನೋಡಿದಳು. ಐದೂ ಕಾಲು. ಫೋನು ನೋಡಿದಳು, ಯಾವ ಕರೆಯೂ ಬಂದಿರಲಿಲ್ಲ. ಹೆಡ್ಮಾಸ್ಟರಿಗೆ ಮಾಡಿದಳು, ಎತ್ತಲಿಲ್ಲ. ನಾಲ್ಕು ಗಂಟೆಯ ಕೊಂಡಿ ಪಾಸ್ಟರಮ್ಮನಿಗೆ ಮಾಡಿ, ಕಣ್ಣು ಹತ್ತಿಬಿಟ್ಟಿತು ಅಂದಳು. ಅವರು ತಾವಾಗಿಯೇ ನಾಲ್ಕಕ್ಕೆ ಕೂತಿದ್ದರಂತೆ. "ಮೂರರಿಂದ ನಾಲ್ಕು ಖಾಲಿ ಹೋಯ್ತಾ ಅಮ್ಮಾ?" ಎಂದು ಅವರು ಮೆಲ್ಲಗೆ ಕೇಳಿದರು. ಬೈಗುಳವೇನೂ ಅಲ್ಲ ಅದು. ಇಸ್ತ್ರಿಯಕ್ಕ ಫೋನಿಟ್ಟಳು.

"ಮಲ್ಕೊಂಡ್ರೆ ಏನೀಗ" ಅಂದ ಗಂಡ. "ಯೇಸುಸ್ವಾಮಿ ಎಚ್ಚರವಾಗಿದ್ದು ಪ್ರಾರ್ಥನೆ ಮಾಡಿ ಅಂದ್ರೂ ಶಿಷ್ಯರೇ ತೋಟದಲ್ಲಿ ಮಲ್ಕೊಂಡಿರ್ಲಿಲ್ವಾ?"

"ಮಲ್ಕೊಂಡ್ರು. ಬೆಳಗಾಗೋದ್ರೊಳಗೆ ಸ್ವಾಮೀನ ಹಿಡ್ಕೊಂಡು ಹೋದ್ರು, ಗೊತ್ತಲ್ಲ?" ಅಂದಳು ಅವಳು.

ಮರುದಿನ ಬೆಳಗ್ಗೆ ಹದಿನಾಲ್ಕರ ಚೀಲ ಒತ್ತಿದಳು. ದಪ್ಪಗಿತ್ತು.

ಬಿಚ್ಚುವುದು ಬೇಡವೆಂದು ಕೈ ಹಿಂದಕ್ಕೆ ತೆಗೆದಳು. ಆಮೇಲೆ ಬಿಚ್ಚಿದಳು. ಬೆಡ್‌ಶೀಟು, ದಿಂಬಿನ ಚೀಲ, ಕೆಳಗೆ ಮಡಿಸಿಟ್ಟ ಹಾಸಿಗೆಯ ಕವರು. ಕೂಗಲಿಲ್ಲ, ಅಳಲಿಲ್ಲ. ಮೇಲಿನಿಂದ ನರ್ಸಮ್ಮ ಒಗೆದ ಬಟ್ಟೆ ಒಯ್ಯಲು ಕಿಟಕಿಗೆ ಬರುವುದು ಹತ್ತು ಗಂಟೆಗೆ. ಅಲ್ಲಿಯವರೆಗೆ ನಾಲ್ಕು ಗಂಟೆ ಅವಳು ಯಂತ್ರಕ್ಕೆ ಬಟ್ಟೆ ತುಂಬಿದಳು, ತೆಗೆದಳು, ತುಂಬಿದಳು. ದೇವರೊಂದಿಗೆ ಒಂದೇ ಒಂದು ಮಾತು ಆಡಿದಳು: ಒಂದು ಗಂಟೆ ನಿನಗೂ ಕಾಯಲಾಗಲಿಲ್ಲವೇ? ತಾನೇ ಕೊಂದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಇಷ್ಟು ದಿನ ಮುದುಕರ ಫೋನು ಮೂರೂವರೆಗೆ ಎಬ್ಬಿಸುತ್ತಿತ್ತು, ಎದ್ದ ಮೇಲೆ ತಂಗಿಯ ಹೆಸರನ್ನಾದರೂ ಒಮ್ಮೆ ಅನ್ನುತ್ತಿದ್ದಳು. ನಿನ್ನೆ ಅದೂ ಇಲ್ಲ.

ಹತ್ತಕ್ಕೆ ನರ್ಸಮ್ಮ ಬಂದಳು. ಅವಳ ಕಣ್ಣುಗಳು ನಿದ್ದೆಗೆಟ್ಟು ಕೆಂಪಗೆ ಊದಿಕೊಂಡಿದ್ದವು. ಇಸ್ತ್ರಿಯಕ್ಕ ಕೇಳಲೂ ಹೆದರಿ ಸುಮ್ಮನೆ ಹದಿನಾಲ್ಕರ ಚೀಟಿಯನ್ನು ಎತ್ತಿ ತೋರಿಸಿದಳು.

"ಓ, ನಿಮ್ಮ ತಂಗಿ ಅಲ್ವಾ? ನಿನ್ನೆ ಮಧ್ಯಾಹ್ನ ಕೆಳಗಿನ ವಾರ್ಡಿಗೆ ಹಾಕಿದ್ವಿ. ಮೂರೂಮುಕ್ಕಾಲೋ ನಾಲ್ಕೋ. ಅವ್ರಿಗೀಗ ಅಷ್ಟು ಆಕ್ಸಿಜನ್ ಬೇಡ. ಬೆಳಗ್ಗೆ ಎರಡು ಬ್ರೆಡ್ಡು ತಿಂದು, ಬೆಡ್‌ಶೀಟಿಗೆ ಯಾರು ಗಂಜಿ ಹಾಕಿದ್ದು ಅಂತ ಜಗಳ ತೆಗೆದ್ರು."

ಇಸ್ತ್ರಿಯಕ್ಕ ಒದ್ದೆ ನೆಲದ ಮೇಲೆ ಹಾಗೇ ಕುಸಿದು ಕೂತಳು. ನಗುವೂ ಅಳುವೂ ಒಟ್ಟಿಗೆ ಬಂದವು. "ಅಯ್ಯೋ ನನ್ನ ತಾಯಿ, ಅಯ್ಯೋ ನನ್ನ ದೇವ್ರೇ" ಎನ್ನುತ್ತ ರಬ್ಬರು ಕೈಯಲ್ಲೇ ಕಣ್ಣೊರೆಸಿಕೊಳ್ಳಲು ಹೋದಳು. ನರ್ಸಮ್ಮ ಗದರಿಸಿ ಕೈ ತಡೆದಳು.

"ಆ ಹಾಸಿಗೆ ಒಂದು ಗಳಿಗೆ ಖಾಲಿ ಇರ್ಲಿಲ್ಲ ನೋಡಿ" ಅಂದಳು ನರ್ಸಮ್ಮ, ಗಂಟು ಎತ್ತಿಕೊಳ್ಳುತ್ತ. "ಒಬ್ರು ವಯಸ್ಸಾದ ಮೇಷ್ಟ್ರು ಕಾರಿಡಾರಲ್ಲಿ ಸ್ಟ್ರೆಚರ್ ಮೇಲೇ ಕಾಯ್ತಿದ್ರು, ಅವ್ರನ್ನ ಹಾಕಿದ್ವಿ. ಅಂಥಾದ್ರಲ್ಲೂ ನನ್ನ ಉಗುರು ನೋಡಿ, ಚೆನ್ನಾಗಿದೆ ಅಂದ್ರು."

ಮನೆಗೆ ಬಂದವಳೇ ಇಸ್ತ್ರಿಯಕ್ಕ ಎಲೆಕ್ಟ್ರಿಷಿಯನ್ನನ ಹೆಂಡತಿಗೆ ಫೋನು ಮಾಡಿದಳು. ಹೆಡ್ಮಾಸ್ಟರ ಪಕ್ಕದ ಮನೆ ಅವರದು. ನಿನ್ನೆ ಮುದುಕರನ್ನು ಆಂಬುಲೆನ್ಸಿಗೆ ಹತ್ತಿಸಿದ್ದೂ ಆ ಮನೆಯವರೇ.

"ಎಷ್ಟು ಹೊತ್ತಿಗೆ ಹಾಗಾಯ್ತು?"

"ಮೂರೂ ಹತ್ತಿರ್ಬೇಕು ಅಕ್ಕಾ. ಪ್ರಾರ್ಥನೆಗೆ ಕೂತಲ್ಲೇ ಉಸಿರು ಕಟ್ಟಿತಂತೆ. ಮಂಡಿ ಮೇಲೇ ಇದ್ರು ನಮ್ಮನೆಯವ್ರು ಹೋದಾಗ."

"ಮೂರೂ ಹತ್ತಕ್ಕಾ? ಅವ್ರದು ಮೂರೂವರೆಗಲ್ವಾ?"

"ಹೇಳ್ಬೇಡ ಅಂದಿದ್ರು" ಎಂದಳು ಅವಳು. "ಎರಡನೇ ದಿನದಿಂದ ಮೂರು ಗಂಟೆಗೆ ನಾನು ಇಬ್ರಿಗೂ ಫೋನ್ ಮಾಡ್ತಿದ್ದೆ ಅಕ್ಕಾ. ಮೊದ್ಲು ಅವ್ರಿಗೆ, ಆಮೇಲೆ ನಿಮ್ಗೆ. ಅವ್ರು ಕೂತೆ ಅಂದ್ಮೇಲೇನೇ ನಿಮ್ಗೆ ಮಾಡ್ತಿದ್ದಿದ್ದು. ಆ ಮಗು ಇಡೀ ಆಸ್ಪತ್ರೆ ಬಟ್ಟೆ ಒಗೆದು ಬರುತ್ತೆ, ಅರ್ಧಗಂಟೆ ಮಲಗ್ಲಿ ಬಿಡಮ್ಮ ಅನ್ನೋರು. ಒಂದ್ಸಲ ಮಲಗಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ದೆ, ಅದು ಇನ್ನೂ ನನ್ನ ಚುಚ್ಚುತ್ತೆ ಅಂತಾನೂ ಅಂದಿದ್ರು."

ಐವತ್ತೆರಡು ವರ್ಷದ ಇಸ್ತ್ರಿಯಕ್ಕನನ್ನು ಮಗು ಎಂದು ಕರೆಯುವವರು ಊರಿನಲ್ಲಿ ಅವರೊಬ್ಬರೇ ಉಳಿದಿದ್ದರು. ಅವಳು ಫೋನಿಟ್ಟು ಗೋಡೆಗೆ ಒರಗಿ ಕೂತಳು. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಹಾಜರಿ ತೆಗೆಯುವ ಮುದುಕ ಎಂದು ತಾನು ಬೈದ ಅಷ್ಟೂ ದಿನ ಆ ಮನುಷ್ಯ ತನ್ನ ಪಾಲಿನ ಅರ್ಧಗಂಟೆಯನ್ನು ಎಪ್ಪತ್ತೆಂಟರ ಮಂಡಿಯ ಮೇಲೆ ಹೊತ್ತಿದ್ದರು. ತಂಗಿಯ ಹೆಸರನ್ನು ದಿನವೂ ಎಚ್ಚರದಲ್ಲಿ ಹೇಳಿದವರು ಅವರು. ಅವರೂ ಬಿದ್ದ ಮೇಲೆ, ಯಾರೂ ಏನೂ ಬೇಡದೆ ಖಾಲಿ ಹೋದ ಆ ಹೊತ್ತಿನಲ್ಲಿ ತಂಗಿ ಕೆಳಗಿನ ವಾರ್ಡಿಗೆ ಇಳಿದಿದ್ದಳು. ದೇವರ ರೀತಿ ಇಸ್ತ್ರಿಯಕ್ಕನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವಷ್ಟು ತ್ರಾಣವೂ ಇರಲಿಲ್ಲ.

ಗಂಡ ಟ್ರಿಪ್ ಶೀಟು ತಂದು, ನಾದಿನಿಯ ಕೆಳಗೆ ಹೆಡ್ಮಾಸ್ಟರು ಎಂದು ಬರೆದ.

ಮತ್ತೆ ಅವಳು, ಈಗ ಹೆಡ್ಮಾಸ್ಟರಿಗಾಗಿ, ಬೆಳಗ್ಗೆ ಬಂದವಳೇ ಹದಿನಾಲ್ಕರ ಚೀಲ ಒತ್ತತೊಡಗಿದಳು. ಮೆತ್ತಗಿತ್ತು. ಮರುದಿನವೂ ಮೆತ್ತಗಿತ್ತು. ಆ ಬೆಡ್‌ಶೀಟುಗಳನ್ನು ಅವಳು ಗಂಜಿಗೆ ಹಾಕಲಿಲ್ಲ. ಐದನೇ ದಿನ ತಂಗಿ ಮನೆಗೆ ಬಂದಳು. ಕೊರಳ ಮೂಳೆ ಎದ್ದಿತ್ತು, ಎರಡು ಹೆಜ್ಜೆಗೆ ಕೂರುತ್ತಿದ್ದಳು, ಮಾತು ಮಾತ್ರ ಕಡಿಮೆಯಾಗಿರಲಿಲ್ಲ. "ಪರವಾಗಿಲ್ಲ ಕಣೇ, ನೀನೂ ಪ್ರಾರ್ಥನೆ ಮಾಡ್ತೀಯ" ಅಂದಳು. ಇಸ್ತ್ರಿಯಕ್ಕ ನಿಜ ಹೇಳಲಾಗದೆ ಟೀ ಕಾಯಿಸಲು ಎದ್ದು ಹೋದಳು.

ಆರನೇ ದಿನ ಹದಿನಾಲ್ಕರ ಚೀಲ ದಪ್ಪಗಿತ್ತು.

ಹತ್ತು ಗಂಟೆಗೆ ನರ್ಸಮ್ಮ ಕಿಟಕಿಗೆ ಬಂದಾಗ ಇಸ್ತ್ರಿಯಕ್ಕ ತಲೆ ಎತ್ತಿ ನೋಡಿದಳು. ನರ್ಸಮ್ಮ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅಷ್ಟೇ. ಆ ಕವರನ್ನು ಇಸ್ತ್ರಿಯಕ್ಕ ಯಂತ್ರಕ್ಕೆ ಹಾಕಲಿಲ್ಲ. ಮೂಲೆಯ ತೊಟ್ಟಿಯಲ್ಲಿ ಬಿಸಿನೀರು ಬಿಟ್ಟು ಕೈಯಾರೆ ಒಗೆದಳು. ಹಾಗೆ ಒಗೆಯುವಂತಿಲ್ಲ ಎಂದು ನಿಯಮವಿತ್ತು. ಮೇಲ್ವಿಚಾರಕ ನೋಡಿದ, ನೋಡದವನಂತೆ ಹೋದ.

ಮೂರು ಗಂಟೆಗೆ ಎಲೆಕ್ಟ್ರಿಷಿಯನ್ನನ ಹೆಂಡತಿಯ ಫೋನು ಬಂತು. ಅಳುತ್ತಿದ್ದಳು. "ನಾನು ಏಳ್ತೀನಿ ಅಕ್ಕಾ. ಇನ್ಮೇಲೆ ಯಾವಾಗ್ಲೂ ನಿಮ್ಗೊಬ್ರಿಗೇ ಮಾಡೋದು."

"ಕೂತೆ" ಅಂದಳು ಇಸ್ತ್ರಿಯಕ್ಕ. "ಮೇಷ್ಟ್ರ ಅರ್ಧಗಂಟೆಗೆ ಇಷ್ಟು ದಿನ ಪಾಸ್ಟರಮ್ಮ ಕೂತ್ರು, ಇನ್ಮೇಲೆ ಅದೂ ನಂದೇ. ನಾಲ್ಕರವರೆಗೆ ನಾನೇ ಕೂತಿರ್ತೀನಿ."

ಇವತ್ತೂ ಮಲಗಿದರೆ ನಾನು ಮನುಷ್ಯಳೇ ಅಲ್ಲ ಎಂದುಕೊಂಡು ಮಂಡಿಯೂರಿದಳು. ಟ್ರಿಪ್ ಶೀಟು ಮುಂದಿಟ್ಟುಕೊಂಡಳು. ಬೇಕರಿಯವರ ತಾಯಿ ಎಂದಳು. ಗಡಿಯಾರ ರಿಪೇರಿಯವನು ಎಂದಳು. ಆರು ದಿನದಿಂದ ಸರಿಯಾಗಿ ಮಲಗದ ಮೈ ಅದು. ಎಂಟು ಗಂಟೆ ನಿಂತ ಕಾಲು. ಹಣೆ ಹಾಸಿಗೆಗೆ ತಾಗಿತು.

ಒಂದು ಧ್ವನಿಗೆ ಎಚ್ಚರವಾಯಿತು. ಬಸ್ಸಿನಲ್ಲಿ ಮುಂದಿನ ಸ್ಟಾಪು ಕೂಗುವ ಧ್ವನಿ. ಆದರೆ ತಗ್ಗಿಸಿದ್ದು, ಮಲಗಿದವರು ಏಳಬಾರದೆಂಬಂತೆ.

"ಮೂಲೆಮನೆಯ ಅವಳಿ ಮಕ್ಕಳೂ... ಕುಂಟು ಪೋಸ್ಟ್‌ಮ್ಯಾನೂ..."

ಅವಳ ಪಕ್ಕದಲ್ಲೇ ಗಂಡ ಮಂಡಿಯೂರಿದ್ದ. ಅಭ್ಯಾಸವಿಲ್ಲದ ಮಂಡಿ, ಒಂದು ಕೈಯನ್ನು ಮಂಚಕ್ಕೆ ಕೊಟ್ಟುಕೊಂಡಿದ್ದ. ಇನ್ನೊಂದು ಕೈಯಲ್ಲಿ ಟ್ರಿಪ್ ಶೀಟು. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಅವಳು ಕಣ್ಣು ಬಿಟ್ಟದ್ದನ್ನು ನೋಡಿ ಅವನು ನಾಚಿಕೊಂಡ. "ಪ್ರಾರ್ಥನೆ ಅಲ್ಲಪ್ಪ ಇದು. ನಂಗೆ ಬರಲ್ಲ. ಸುಮ್ನೆ ಹೆಸ್ರು ಕೂಗ್ತಿದ್ದೆ. ನೀನು ಮೂರಕ್ಕೇ ನಿದ್ದೆಗೆ ಹೋದೆ. ಯಾರೂ ಕೂಗ್ದೇ ಇದ್ರೆ ಯಾರಾದ್ರೂ ತಪ್ಪಿ ಹೋಗ್ತಾರಲ್ಲ ಅಂತ."

"ಎಷ್ಟು ಸಲ ಓದಿದ್ರಿ?"

"ಹನ್ನೊಂದೋ ಹನ್ನೆರಡೋ. ಮಂಡಿ ಸತ್ತೋಯ್ತು." ಅವನು ಶೀಟಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. "ಇದೊಂದು ಗೊತ್ತಾಗ್ತಿಲ್ಲ ಕಣೇ. ಮೇಷ್ಟ್ರ ಹೆಸ್ರು ಹೊಡೆದು ಹಾಕ್ಲಾ? ಪಾಸ್ಟರು ಹೋದವ್ರ ಹೆಸ್ರು ಓದ್ಬಾರ್ದು ಅಂದಿದ್ರಲ್ಲ."

"ಇದುವರೆಗೂ ಓದಿದ್ರಾ?"

"ಓದ್ದೆ."

"ಹಾಗಿದ್ರೆ ಇರ್ಲಿ. ಪಾಸ್ಟರು ಕೇಳಿದ್ರೆ ನಾನು ಹೇಳ್ತೀನಿ." ಅವಳು ಏಳಲು ಹೋದಳು. ಸೊಂಟ ಬಿಡಲಿಲ್ಲ.

"ಇನ್ನೂ ಹತ್ತು ನಿಮಿಷ ಇದೆ" ಅಂದ ಗಂಡ. "ನೀನು ಮಲ್ಕೋ. ನಾನು ಕೂತಿದೀನಲ್ಲ."

ಇಸ್ತ್ರಿಯಕ್ಕ ಹಾಸಿಗೆಗೆ ಮತ್ತೆ ಹಣೆ ಹಚ್ಚಿದಳು. ಅವನು ಗಂಟಲು ಸರಿಮಾಡಿಕೊಂಡು ಪಟ್ಟಿಯ ಮೊದಲಿಗೆ ಹೋದ. ಬೇಕರಿಯವರ ತಾಯಿಯೂ ಎಂದು ಮೆಲ್ಲಗೆ ಕೂಗಿದ.